ಟಟ್ಲ್ ಜೊತೆ ಜೋಡಿ

ನನ್ನ ಗಂಡ ಏಸಹೆಲ್ ಡಾಕ್ಟರಾಗಿಯೇ ಉಳಿದಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಸ್ಮಶಾನದ ಪಕ್ಕದ ಬಾವಿಗಳನ್ನು ಮುಚ್ಚಿಸಬೇಕು ಅಂತಲೇ ಅವರು ಚುನಾವಣೆಗೆ ನಿಂತು ಓಹಾಯೋ ರಾಜ್ಯದ ವಿಧಾನಸಭೆಗೆ ಹೋದದ್ದು. ಹಿಂದಿನ ಬೇಸಿಗೆಯಲ್ಲಿ ಸಮಾಧಿಗಳಿಗೆ ಅಂಟಿಕೊಂಡಿರುವ ನಮ್ಮೂರ ಚರ್ಚಿನ ಬಾವಿ ನೀರು ಕುಡಿದು ಪಕ್ಕದ ಮನೆ ಹಾನ್ನಾಳ ಎರಡು ಮಕ್ಕಳು ವಾಂತಿಭೇದಿಯಲ್ಲಿ ಹೋದವು. ಅವುಗಳ ಮೈ ತೊಳೆದು ಬಿಳಿ ಬಟ್ಟೆ ಉಡಿಸಿದವಳು ನಾನೇ.

ಸಭೆಯಲ್ಲಿ ಇವರ ಮಾತು ಯಾರಿಗೆ ಬೇಕಿತ್ತು? ಇವರು ಬಾವಿ ಅಂದರೆ ಅವರು ತಮ್ಮ ಮೂಲವ್ಯಾಧಿಗೆ ಮದ್ದು ಕೇಳುವರು. ಭಾಷಣಕ್ಕೆ ಎದ್ದರೆ ಯಾವನಾದರೂ ನಾಲಿಗೆ ಚಾಚಿ, "ಡಾಕ್ಟ್ರೇ, ಮೊದ್ಲು ಇದನ್ನ ನೋಡಿ" ಅಂತ ಎಲ್ಲರನ್ನೂ ನಗಿಸುವನು. ಆದರೂ ಕಾಡಿ ಬೇಡಿ ತಮ್ಮ ಬಾವಿ ಮಸೂದೆಗೆ ಅರ್ಧ ಸಭೆಯನ್ನು ಒಲಿಸಿಕೊಂಡರು. ಎದುರು ನಿಂತವನು ಇನ್ನೊಬ್ಬ ಸದಸ್ಯ ಒಬೆಡ್ ಟಟ್ಲ್. "ನಮ್ಮೂರ ಬಾವಿ ಮುಚ್ಚೋಕೆ ಸರ್ಕಾರ ಯಾರ್ರೀ?" ಅನ್ನುವುದೊಂದೇ ಅವನ ರಾಗ.

ಮತದ ದಿನ ಬೆಳಿಗ್ಗೆ ರಾಜಧಾನಿಯಲ್ಲಿ ನಾವಿದ್ದ ವಸತಿಗೃಹದಲ್ಲೇ ಅದೇ ಟಟ್ಲ್ ಕೆಂಡದಂಥ ಜ್ವರದಲ್ಲಿ ಮಲಗಿದ್ದ. ಇವರು ಎದೆಗೆ ಸಾಸಿವೆ ಪಟ್ಟು ಹಾಕುತ್ತಿದ್ದರೆ ಅವನು ಬೂಟು ಹುಡುಕುತ್ತಿದ್ದ.

"ಕುರ್ಚೀಲಿ ಹೊತ್ಕೊಂಡಾದ್ರೂ ಹೋಗ್ಲಿ, ಬೇಡ ಅಂತ ಓಟು ಹಾಕೇ ಸಾಯ್ತೀನಿ."

"ಮಲಕ್ಕೊಳ್ರೀ. ನಾನೂ ಓಟು ಹಾಕಲ್ಲ. ನಿಮಗೆ ನಾನು ಜೋಡಿ," ಅಂದುಬಿಟ್ಟರು ಇವರು.

ಒಬ್ಬ ಬರಲಾಗದಿದ್ದರೆ ಎದುರು ಪಕ್ಷದವನೊಬ್ಬನೂ ಮತ ಹಾಕದೆ ಕೂರುವುದಕ್ಕೆ ಆ ಸಭೆಯಲ್ಲಿ ಜೋಡಿ ಅನ್ನುತ್ತಾರೆ. ಬರೆದುಕೊಡುವುದೇನಿಲ್ಲ, ಬಾಯಿಮಾತು ಸಾಕು.

ಮೆಟ್ಟಿಲ ಮೇಲೆ ನಾನು ಇವರನ್ನು ಅಡ್ಡಗಟ್ಟಿದೆ. "ಅವನಿಗೆ ನಿಲ್ಲೋಕೇ ಆಗ್ತಿಲ್ಲ. ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಗೆಲ್ತಿದ್ರಿ!"

"ಹಟಕ್ಕೆ ಎದ್ದಿದ್ರೆ ಇಲ್ಲೇ ಬಿದ್ದು ಸಾಯ್ತಿದ್ದ ಕಣೇ ಲೊವೀನಾ. ಅವನು ನನ್ನ ರೋಗಿ."

"ಹಾನ್ನಾ ಮಕ್ಳು ಯಾರಾಗಿದ್ರು?"

ಇವರು ಟೋಪಿ ಇಟ್ಟುಕೊಂಡು ಸಭೆಗೆ ಹೊರಟರು. ಮತಗಳು ಸಮ ಬಂದವು. ಸಮ ಬಂದರೆ ಮಸೂದೆ ಬಿದ್ದಂತೆಯೇ. ಇವರು ಕೈ ಕಟ್ಟಿ ಕೂತಿದ್ದರಂತೆ.

ಜೂನ್‌ನಲ್ಲಿ ಟಟ್ಲ್ ಗುಂಡುಕಲ್ಲಿನ ಹಾಗೆ ನಮ್ಮೂರಿನ ಮನೆಗೆ ಬಂದ, ಕಾಣಿಕೆಗೆ ಹೊಗೆಯಲ್ಲಿ ಒಣಗಿಸಿದ ಹಂದಿತೊಡೆ ಹೊತ್ತುಕೊಂಡು.

"ನಿಮ್ ಯಜಮಾನ್ರು ದೇವರಂಥೋರು ಕಣಮ್ಮ. ಅಬ್ಬಾ, ಏನು ಬಿಸ್ಲು! ಕುಡಿಯೋಕೆ ಏನಾದ್ರೂ ಕೊಡಿ."

ಇವರನ್ನು ಅವನ ಜೊತೆ ಬಿಟ್ಟು ನಾನು ಹೂಜಿ ಹಿಡಿದು ಹೊರಗೆ ಹೋದೆ. ಬಂದು ಲೋಟ ತುಂಬಿಸಿ ಅವನ ಮುಂದಿಟ್ಟು ಎದುರಿಗೆ ಕೂತೆ.

"ಚರ್ಚಿನ ಬಾವೀದು. ಈಗ್ತಾನೆ ಸೇದ್ದೆ, ತಣ್ಣಗಿದೆ."

ಅವನು ಲೋಟ ಎತ್ತಿದ. ತುಟಿಯವರೆಗೂ ತಂದ. ಕಿಟಕಿಯಾಚೆ ಕಾಣುತ್ತಿದ್ದ ಸಮಾಧಿ ಕಲ್ಲುಗಳನ್ನು ನೋಡಿ ಮೆಲ್ಲಗೆ ಕೆಳಗಿಟ್ಟ.

"ಕಾಫಿ ಇದ್ರೆ ಕೊಡೀಮ್ಮ, ಸಾಕು."

ಇವರು ಅವನ ಮುಖವನ್ನೇ ನೋಡುತ್ತ ಕೂತರು. ಕಾಫಿಗೆ ನಾನು ಏಳಲಿಲ್ಲ.