ಕಿತ್ತೂರಿನಿಂದ ಬಂದ ಟಿವಿ

"ಅದನ್ನ ಟಿವಿಗೆ ಹಚ್ಚಬ್ಯಾಡವಾ" ಎಂದು ಮಾಂತೇಶ ಎರಡನೆಯ ಸಲ ಹೇಳುವಷ್ಟರಲ್ಲಿ ರಾಣಿ ಟಿವಿಯ ಹಿಂದೆ ಕೈ ಹಾಕಿ ವೈರು ಸಿಗಿಸಿಯೇ ಬಿಟ್ಟಿದ್ದಳು.

ರಾಣಿ ಅವನ ಅಣ್ಣನ ಮಗಳು. ಸವದತ್ತಿಯ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕಾಕಾ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಿಂದ ಭಾನುವಾರ ನೇಸರಗಿಯ ಮನೆಗೆ ಬರುವುದು ಗೊತ್ತಿದ್ದು, ಅವನಿಗೆಂದೇ ಆ ಪೆಟ್ಟಿಗೆ ತರಿಸಿದ್ದಳು. ಅಡಿಕೆ ಡಬ್ಬಿಗಿಂತ ದೊಡ್ಡದಲ್ಲ. ಒಳಗೆ ನಾನೂರು ಹಳೆಯ ವಿಡಿಯೋ ಗೇಮು.

"ನಮ್ಮ ಸಾಲಿ ಹುಡುಗೂರು ಮೊಬೈಲಿನಾಗ ಏನೇನ ಆಡತಾವಲ್ಲ ಕಾಕಾ, ಎಲ್ಲಾಕ್ಕೂ ಇವ ಮುತ್ಯಾಗೋಳು" ಎಂದಳು. "ನೀ ಸಣ್ಣಾಂವ ಇದ್ದಾಗ ಬೈಲಹೊಂಗಲಕ್ಕ ಹೋಗಿ ಮೌಲಾಸಾಬರ ಗೇಮಿನ ಅಂಗಡ್ಯಾಗ ಬಿದ್ದಿರತಿದ್ದೆಂತಲ್ಲ, ಅಪ್ಪ ಹೇಳ್ಯಾನ."

ಪರದೆಯ ಮೇಲೆ ನೀಲಿ ಆಕಾಶ ಮೂಡಿ, ಆ ಟುಣುಕು ಟುಣುಕು ಸಂಗೀತ ಶುರುವಾಯಿತು. ಟೊಪ್ಪಿಗೆಯ ಕುಳ್ಳ ಮನುಷ್ಯ ಬಂದು ನಿಂತ. ಅವನಿಗೆ ಕಂಪನಿಯವರು ಏನು ಹೆಸರಿಟ್ಟಿದ್ದರೋ, ಬೈಲಹೊಂಗಲದ ಹುಡುಗರಿಗೆ ಅವನು ಮೀಸಿ ಮಾಮಾ. ಟ್ಯಾಂಕಿನ ಆಟ, ಇಟ್ಟಂಗಿ ಆಟ, ಬಾತುಕೋಳಿ ಹೊಡೆಯುವ ಆಟ ಎಷ್ಟೇ ಇದ್ದರೂ ಮೌಲಾಸಾಬರ ಅಂಗಡಿಯಲ್ಲಿ ಜಗಳ ಆಗುತ್ತಿದ್ದದ್ದು ಮೀಸಿ ಮಾಮಾನ ಸಲುವಾಗಿಯೇ. ಬೇರೆಯವರಾಗಿದ್ದರೆ ಹಳೆಯ ದೋಸ್ತನನ್ನು ಕಂಡಷ್ಟು ಖುಷಿಪಡುತ್ತಿದ್ದರು. ಮಾಂತೇಶ ಮಾತ್ರ ಪರದೆಯಿಂದ ಮುಖ ತಿರುಗಿಸಿದ.

ಇಪ್ಪತ್ತೆಂಟು ವರ್ಷದ ಹಿಂದೆ ಈ ಮನೆಗೆ ಬಣ್ಣದ ಟಿವಿ ಬಂದದ್ದು ಅಣ್ಣನ ಹೆಂಡತಿಯಾಗಿ ಬಂದ ವೈನಿ, ರಾಣಿಯ ಅವ್ವ ಸುಂದರವ್ವನ ಜೊತೆಗೆ. ಕಿತ್ತೂರಿನ ಬೀಗರು ಮಗಳ ಮದುವೆಯಲ್ಲಿ ಕೊಟ್ಟದ್ದು, ಓಣಿಗೇ ಮೊದಲನೆಯದು. ಆ ದಸರಾ ರಜೆಯಲ್ಲಿ ಹದಿಮೂರರ ಮಾಂತೇಶ ತನ್ನ ಸೈಕಲ್ಲನ್ನು ಮೌಲಾಸಾಬರ ಬಳಿ ಒತ್ತೆ ಇಟ್ಟು, ಗೇಮಿನ ಪೆಟ್ಟಿಗೆಯನ್ನು ಚೀಲದಲ್ಲಿ ಅಡಗಿಸಿ ತಂದಿದ್ದ. "ಟಿವಿ ಹೋದ್ರ ನನ್ನ ಕಡೆ ಬರಬ್ಯಾಡಪಾ" ಎಂದು ಮೌಲಾಸಾಬರು ಮೊದಲೇ ಹೇಳಿದ್ದರು. ಗೇಮು ಆಡಿದರೆ ಟಿವಿ ಸುಡುತ್ತದೆ ಎಂಬುದು ಆಗ ಊರೂರಿನ ನಂಬಿಕೆ. ಆದರೂ ಮನೆಯಲ್ಲಿ ಯಾರೂ ಇಲ್ಲದಾಗ ಆಡಿದ. ಆಯುಧಗಳಿಗೆ, ಗಾಡಿಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ಹಿಂದಿನ ದಿನವಂತೂ ಟಿವಿಯ ಬೆನ್ನು ಹಂಚಿನ ಹಾಗೆ ಕಾಯುವವರೆಗೆ ಆಡಿದ. ಮರುದಿನ ಸಂಜೆ ಟಿವಿ ಸತ್ತುಬಿದ್ದಿತ್ತು. ರಿಪೇರಿಯವನು ಬಂದು, ಒಳಗೆಲ್ಲ ಸುಟ್ಟಿದೆ ಎಂದು ಕೈಚೆಲ್ಲಿದ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ಮಾಂತೇಶನಿಗೆ ದೊಣ್ಣೆ ತಪ್ಪಿತು. ಅದು ಹೋಗಿ ವೈನಿಯ ನೆತ್ತಿಗೆ ಬಿತ್ತು. "ಹಳೀ ಟಿವಿ ಒರಸಿ ಕೊಟ್ಟಾರ, ಕಿತ್ತೂರವರು ಮೋಸ ಮಾಡ್ಯಾರ" ಎಂದು ಅವ್ವ ಶೆಟ್ಟೆವ್ವ ಓಣಿ ತುಂಬ ಹೇಳಿದಳು. ವೈನಿಯ ಅಪ್ಪ ಬಂದ. ಕಟ್ಟೆಯ ತುದಿಗೆ ಕೂತು, ಕೊಟ್ಟ ಚಹಾ ಮುಟ್ಟದೆ, "ಹೊಸಾದ ಐತ್ರಿ ಬೀಗತಿ. ನಾನ ನಿಂತು ಡಬ್ಬಿ ಬಿಚ್ಚಿಸಿ ತಂದೇನಿ" ಎಂದ. ಯಾರೂ ನಂಬಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಮಾಂತೇಶ ಬಾಯಿ ಬಿಡಲಿಲ್ಲ. ಆ ಮನುಷ್ಯ ಮತ್ತೆ ಈ ಹೊಸ್ತಿಲು ತುಳಿಯದೆ ಎರಡು ವರ್ಷದಲ್ಲಿ ತೀರಿಕೊಂಡ. ಮಾಂತೇಶ ಇದನ್ನು ತನ್ನ ಹೆಂಡತಿಗೂ ಹೇಳಿಲ್ಲ. ಹೇಳಲಾರದ್ದಕ್ಕೇ ಅದು ಇವತ್ತಿಗೂ ಎದೆಯಲ್ಲಿ ಹಾಗೇ ಕೂತಿದೆ.

ರಾಣಿ ಆಟದೊಳಗಿನ ಆಮೆಗೆ ತಾಗಿ ಮೂರು ಸಲ ಸತ್ತು, ಗೇಮಿನ ರಿಮೋಟನ್ನು ಅವನ ಕೈಗೆ ತುರುಕಿದಳು. ಬೆರಳುಗಳು ತಾವಾಗಿಯೇ ಗುಂಡಿ ಹುಡುಕಿಕೊಂಡವು. ಮೀಸಿ ಮಾಮಾ ನಾಲ್ಕನೆಯ ಪೈಪು ದಾಟಿ ಮುಂದೆ ಓಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಮೆಂತ್ಯೆ ಸೋಸುತ್ತ ಕೂತಿದ್ದ ಸುಂದರವ್ವ ತಲೆ ಎತ್ತಿ ನೋಡಿದಳು.

"ಓಡಬ್ಯಾಡೋ, ಹಿಂದಕ ಬಾ. ಅಲ್ಲೆ ಬರೇ ಗಾಳ್ಯಾಗ ಜಿಗಿ. ಕಾಣದ ಇಟ್ಟಂಗಿ ಐತಿ, ಒಂದು ಜೀವ ಸಿಗತೈತಿ."

ಮಾಂತೇಶ ಜಿಗಿದ. ಏನೂ ಇಲ್ಲದ ಕಡೆಯಿಂದ ಇಟ್ಟಿಗೆ ಮೂಡಿ, ಹಸಿರು ಅಣಬೆ ಉರುಳಿತು. ಅವನು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡ.

"ನಿಮಗ ಹ್ಯಾಂಗ ಗೊತ್ತ್ರಿ ವೈನಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು ಸುಂದರವ್ವನಿಗೆ. ಸೋಸಿದ ಎಲೆಯನ್ನೇ ಮತ್ತೊಮ್ಮೆ ಸೋಸಿದಳು. ಆಮೇಲೆ ಕೈಚೆಲ್ಲಿ ಹೇಳಿದಳು:

"ನೀ ಆವಾಗ ಗೇಮಿನ ಪೆಟ್ಟಿಗಿ ಜ್ವಾಳದ ಚೀಲದ ಹಿಂದ ಮುಚ್ಚಿಡತಿದ್ದೆಲ್ಲ, ನನಗ ಕಂಡಿತ್ತು. ಮಂದಿ ಹೊಲಕ್ಕ ಹೋದಾಗ ತಗದು ಆಡತಿದ್ದೆ. ಹತ್ತೊಂಬತ್ತು ವರ್ಷದಾಕಿ ನಾ. ಮನಿ ತುಂಬ ಪರಕೀ ಮಂದಿ. ಆ ಮೀಸಿಯಾಂವ ಒಬ್ಬ ನಾ ಹೇಳಿದಂಗ ಕೇಳತಿದ್ದ." ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು. "ಖಂಡೇಪೂಜಿ ದಿನ ಮುಂಜಾನೆನೂ ಆಡಿದ್ದೆ. ಸಂಜೀಕ ಟಿವಿ ಹೋತು. ಅಪ್ಪ ಬಂದು ಕುಂತಾಗ, ನಾನ ಕೆಡಿಸೇನಿ ಅಂತ ಹೇಳಬೇಕಂದೆ. ಬಾಯಿ ಬರಲಿಲ್ಲ ಮಾಂತೇಶ."

"ನೀವಲ್ಲ ವೈನಿ, ಕೆಡಿಸಿದಾಂವ ನಾ." ಇಪ್ಪತ್ತೆಂಟು ವರ್ಷ ನುಂಗಿದ ಮಾತು ಇಷ್ಟು ಸಣ್ಣದೇ ಎಂದು ಅವನಿಗೇ ಆಶ್ಚರ್ಯವಾಯಿತು. "ನಾ ಹಿಂದಿನ ದಿನ ನಾಕು ತಾಸು ಆಡಿದ್ದೆ."

ರಾಣಿ ಇಬ್ಬರನ್ನೂ ನೋಡಿ ನಕ್ಕಳು. "ಆಟಾ ಆಡಿದ್ರ ಟಿವಿ ಯಾಕ ಸುಡತೈತಿ ಕಾಕಾ? ಹಂಗ ಸುಡೂದಿದ್ರ ಜಗತ್ತಿನಾಗ ಒಂದು ಟಿವಿನೂ ಉಳೀತಿದ್ದಿಲ್ಲ. ಅದಕ್ಕ ಸಿನೆಮಾನೂ ಅಷ್ಟ, ಆಟಾನೂ ಅಷ್ಟ. ನಿಮ್ಮಿಬ್ಬರದೂ ತಪ್ಪಿಲ್ಲ."

ಮಾಂತೇಶ ಗೋಡೆಗೆ ಒರಗಿದ. ಕಬ್ಬಿನ ಹೊರೆ ಇಳಿಸಿದವನ ಹಾಗೆ ಭುಜ ಹಗುರಾಯಿತು, ಕಣ್ಣು ತುಂಬಿ ಬಂತು. ವೈನಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಗುತ್ತಿದ್ದಳು. ನಗು ನಿಂತ ಮೇಲೆ ಒಂದು ಪ್ರಶ್ನೆ ಮಾತ್ರ ಉಳಿಯಿತು. ಅದನ್ನು ರಾಣಿಯೇ ಕೇಳಿದಳು.

"ಹಂಗಾದ್ರ ಅದು ಸುಟ್ಟಿದ್ದ್ಯಾಕ?"

ಮೂಲೆಯ ಮಂಚದ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಸದ್ದು ನಿಂತಿತು. ಅವ್ವನಿಗೆ ಎಪ್ಪತ್ತೊಂಬತ್ತು. ಬೇಡದ್ದು ಕಿವಿಗೆ ಬೀಳುವುದಿಲ್ಲ, ಬೇಕಾದ್ದು ಬೀಳುತ್ತದೆ.

"ಖಂಡೇಪೂಜಿಗೆ ಟ್ರ್ಯಾಕ್ಟರಕ್ಕ ಚಾಲೂ ಮಾಡಿ ಪೂಜಿ ಮಾಡತಾರಲ್ಲ" ಎಂದಳು ಶೆಟ್ಟೆವ್ವ, ಕುಟ್ಟಾಣಿಯನ್ನೇ ನೋಡುತ್ತ. "ನಾನೂ ಟಿವಿ ಚಾಲೂ ಮಾಡಿ ಪೂಜಿ ಮಾಡಿದೆ. ಇಬತ್ತಿ, ಹೂವು, ಊದಿನಕಡ್ಡಿ ಎಲ್ಲಾ ಮಾಡಿದೆ. ಕಾಯಿ ಒಡದು, ಗಾಡೀಗೆ ಹಾಕಿದಂಗ ನೀರು ಅದರ ಮ್ಯಾಲ ಹಾಕಿದೆ. ಒಳಗ ಚುರ್ ಅಂತು. ಹೊಗಿ ಬಂತು. ಊದಿನಕಡ್ಡಿ ಹೊಗಿ ಇದ್ದೀತಂತ ಮನಸಿಗೆ ಹೇಳಿಕೊಂಡೆ."

ರಾಣಿ ಟಿವಿಯ ಸದ್ದು ಪೂರ್ತಿ ಇಳಿಸಿದಳು.

"ಪೂಜಿ ಮಾಡಿ ಸುಟ್ಟೆ ಅಂದ್ರ ಓಣಿಯವರು ನಗತಿದ್ರು" ಎಂದಳು ಮುದುಕಿ. "ಬೀಗರ ಮ್ಯಾಲ ಹಾಕಿದೆ. ಒಂದು ಸಲ ಅಂದ ಮ್ಯಾಲ ಹಿಂದಕ ತಗೋಳಾಕ ಬರಲಿಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತಿದೆ. ಸುಂದರವ್ವನ ಕಾಲ ಎದುರಿಗೇ ಬಂದು ನಿಂತಿತ್ತು. ಅವಳು ಏನೆಂದರೂ ನಡೆಯುತ್ತಿತ್ತು, ಮಾಂತೇಶ ಅಡ್ಡ ಬರುತ್ತಿರಲಿಲ್ಲ. ಅವಳು ಎದ್ದು ಅತ್ತೆಯ ಮಂಚದ ಹತ್ತಿರ ಹೋದಳು. ಮುಖ ಕೆಂಪಾಗಿತ್ತು.

"ಟಿವಿ ಹೊಸಾದಿತ್ತೇನ್ರಿ ಅತ್ತಿ?"

"ಹೊಸಾದಿತ್ತವಾ. ಚೊಲೊ ಇತ್ತು."

"ಇನ್ನೊಮ್ಮೆ ಅನ್ರಿ."

"ಟಿವಿ ಚೊಲೊ ಇತ್ತು."

ಸುಂದರವ್ವ ರಾಣಿಯ ಕೈಯಿಂದ ಮೊಬೈಲು ಇಸಿದುಕೊಂಡು ಕಿತ್ತೂರಿಗೆ ಹಚ್ಚಿದಳು. ಅವಳ ಅಣ್ಣ ಅಜಿತ ಎತ್ತಿದ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಮಾಡಿ, ಫೋನನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ಮುದುಕಿ ಸೊಸೆಯ ಮುಖ ನೋಡಿದಳು. ಸೊಸೆ ಕೈ ತೆಗೆಯಲಿಲ್ಲ. ಮುದುಕಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಅಜಿತಣ್ಣಾರ, ನಾ ನೇಸರಗಿ ಶೆಟ್ಟೆವ್ವ. ನಿಮ್ಮ ಅಪ್ಪಾರು ಕೊಟ್ಟ ಟಿವಿ ಚೊಲೊ ಇತ್ತರಿ. ಕೆಡಿಸಿದಾಕಿ ನಾ. ಅವರು ಮೋಸ ಮಾಡಿದ್ದಿಲ್ಲ."

"ಯಾವ ಟಿವಿರಿ?" ಎಂದ ಅಜಿತ. "ಮದಿವ್ಯಾಗ ಕೊಟ್ಟದ್ದೇನ್ರಿ?" ಆ ಕಡೆ ಅವನು ಫೋನು ಸರಿಸಿ ಯಾರನ್ನೋ ಕರೆದದ್ದು ಕೇಳಿಸಿತು.

"ಅವ್ವಾ, ಏಳು. ಅಪ್ಪನ ಟಿವಿ ಚೊಲೊ ಇತ್ತಂತ."

ಕಿತ್ತೂರಿನಲ್ಲಿ ಒಂದು ಮಂಚ ಕಿರುಗುಟ್ಟಿತು. ಬಳೆಯ ಸದ್ದು, ಕೋಲು ಊರಿದ ಸದ್ದು ಒಂದೊಂದಾಗಿ ಫೋನಿನ ಕಡೆಗೆ ಬರತೊಡಗಿದವು.