ಕೆಂಚಿಗೆ ತಿಳಿಯದ ಪಾಲು

"ಅಣ್ಣಾ, ನಿನ್ನಿ ಐದು ಬಂದಿದ್ದವು, ಇವತ್ತ ಎಂಟು. ಹಿಂಗಾದ್ರ ನಾಳೆ ನನ್ನ ಹೇಂತಿನೂ ಹೊಡಕೊಂಡ ಬರತೈತಿ ನಿನ್ನ ನಾಯಿ!"

ಹಳ್ಳದ ಆಚೆ ದಂಡೆಯಿಂದಲೇ ಕೂಗುತ್ತ ಬಂದ ಫಕೀರೇಶ, ಅಣ್ಣ ದೇವಪ್ಪನ ಕುರಿಹಟ್ಟಿಯ ಮುಳ್ಳುಬೇಲಿಯ ಹತ್ತಿರ ನಿಂತ. ಒಳಗೆ ಬೆನ್ನಿಗೆ ಕೆಮ್ಮಣ್ಣು ಬಳಿದ ದೇವಪ್ಪನ ಕುರಿಗಳ ನಡುವೆ ನೀಲಿ ಬಳಿದ ಎಂಟು ಕುರಿಗಳು ಆರಾಮಾಗಿ ಮೆಲುಕು ಹಾಕುತ್ತಿದ್ದವು.

ದೇವಪ್ಪ ನಾಯಿ ಕೆಂಚಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯೊಳಗಿನ ಉಣ್ಣಿ ಕಿತ್ತು ಕಲ್ಲಿನ ಮೇಲೆ ಹೊಸಕುತ್ತಿದ್ದ. ತಲೆ ಎತ್ತಲಿಲ್ಲ. "ನಾಯಿಗೇನ ಗೊತ್ತಲೇ, ಕೆಂಪು ಯಾವುದು ನೀಲಿ ಯಾವುದು?"

"ನಾಯಿಗೆ ಗೊತ್ತಿಲ್ಲ. ನಿನಗ ಗೊತ್ತೈತೆಲ್ಲ?"

ಪಾಲಾಗಿ ಎರಡು ತಿಂಗಳಾಗಿತ್ತು. ಅದಕ್ಕೂ ಮೊದಲು ಡಂಬಳದ ಕರಿ ಎರಿ ಹೊಲಗಳಾಚೆ, ಗುಡ್ಡದ ಅಂಚಿನಲ್ಲಿ ಅಣ್ಣತಮ್ಮಂದಿರದು ಒಂದೇ ಹಟ್ಟಿ. ಫಕೀರೇಶನ ಕಾವಲಿನಲ್ಲಿ ತೋಳ ಒಂದು ಮರಿ ಒಯ್ದ ದಿನ ದೇವಪ್ಪ ಸಿಟ್ಟಿನ ಭರದಲ್ಲಿ ನಲವತ್ತು ವರ್ಷದ ತಮ್ಮನ ಕಪಾಳಕ್ಕೆ ಬಾರಿಸಿದ್ದ, ಅದೂ ಅವನ ಹೆಂಡತಿ ರೋಜಾಳ ಎದುರಿಗೆ. ಮರುದಿನವೇ ಫಕೀರೇಶ ಪಾಲು ಕೇಳಿದ. 'ತಪ್ಪಾತು' ಎಂಬ ಒಂದು ಮಾತು ದೇವಪ್ಪನ ಗಂಟಲಿನಿಂದ ಈಚೆ ಬರಲಿಲ್ಲ. ಹಿರಿಯರು ಬಂದು ಕುರಿಗಳನ್ನು ಅರ್ಧರ್ಧ ಮಾಡಿ ಬಣ್ಣ ಬಳಿಸಿದರು. ನಾಯಿ ಅಣ್ಣನಿಗಿರಲಿ ಎಂದರು. ಮುದಿ ನಾಯಿ, ಇನ್ನೆಷ್ಟು ದಿನ ಬಾಳೀತು ಎಂದು ಫಕೀರೇಶನೂ ತಕರಾರು ಮಾಡಲಿಲ್ಲ.

ಕೆಂಚಿಗೆ ಹದಿನಾಲ್ಕು ದಾಟಿತ್ತು. ಹಟ್ಟಿಯ ನಾಯಿಗಳು ಎಂಟೊಂಬತ್ತಕ್ಕೆ ಮಣ್ಣು ಸೇರುತ್ತವೆ. ಇದರ ತಾಯಿಯ ಕಡೆಯವು ಹಾಗಲ್ಲ, ಗಟ್ಟಿ ಜೀವ. ಕಣ್ಣು ಬಿಡುವ ಮೊದಲೇ ತಂದು, ಮರಿ ಸತ್ತ ಕುರಿಯ ಮೊಲೆಗೆ ಹಚ್ಚಿ ಬೆಳೆಸಿದ್ದ ದೇವಪ್ಪ. ಬೇರೆ ನಾಯಿಗಳು ತೋಳ ಬಂದರೆ ಬೊಗಳುತ್ತವೆ, ಮೇಲೆ ಬೀಳುತ್ತವೆ, ಅಷ್ಟೆ. ಇದು ಹಾದಿ ತಪ್ಪಿದ ಕುರಿಗಳನ್ನು ಹುಡುಕಿ, ಹಲ್ಲು ತಾಗಿಸದೆ ಮನೆಗೆ ತರುತ್ತಿತ್ತು. ಈಗಂತೂ ಹಲ್ಲೇ ಇರಲಿಲ್ಲ. ದೇವಪ್ಪ ದಿನಾ ಎರಡು ಹೊತ್ತು ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಕಿವುಚಿ ಕೊಡುತ್ತಿದ್ದ. "ನಾ ಜ್ವರ ಬಂದು ಮಲಗಿದಾಗೂ ನನಗ ಹಿಂಗ ಕಿವುಚಿ ಕೊಟ್ಟಿಲ್ಲವ್ವ ಈ ಮನಶ್ಯಾ" ಎಂದು ಹೆಂಡತಿ ತಿಪ್ಪವ್ವ ಕಂಡವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಒಂದು ಸಿಳ್ಳೆ ಹಾಕಿದ್ದರೆ ಕೆಂಚಿ ಹಳ್ಳ ದಾಟದೆ ಹಿಂದಿರುಗುತ್ತಿತ್ತು. ದೇವಪ್ಪ ಹಾಕಲಿಲ್ಲ. ನೀಲಿ ಕುರಿಗಳು ಬಂದವೆಂದರೆ ಹಿಂದೆ ತಮ್ಮನೂ ಬರುತ್ತಾನೆ. ಬಯ್ಯಲಿಕ್ಕಾದರೂ ಬರುತ್ತಾನೆ.

"ಹೊಡದು ಹೊರಗ ಹಾಕಿದಿ" ಎಂದ ಫಕೀರೇಶ. "ಈಗ ಕಳುವು ಮಾಡಾಕ ನಾಯಿ ಬಿಟ್ಟಿ."

'ಕಳುವು' ಎಂದದ್ದೇ ದೇವಪ್ಪನ ನೆತ್ತಿ ಕಾಯಿತು. ಎದ್ದವನೇ ಬೇಲಿಯ ಮೇಲಿದ್ದ ಹಗ್ಗ ಎಳೆದು ಕೆಂಚಿಯ ಕೊರಳಿಗೆ ಕಟ್ಟಿ, ತುದಿಯನ್ನು ತಮ್ಮನ ಎದೆಗೆ ಎಸೆದ. "ತಗೋ! ಒಯ್ಯಿ! ಇದೂ ನಿನ್ನ ಪಾಲಿಗೇ ಇರಲಿ. ಇನ್ನ ನನ್ನ ಹಟ್ಟಿ ಕಡೆ ಹಾಯಬ್ಯಾಡ."

"ಅಯ್ಯ, ಏನ ಮಾಡಾಕತ್ತೀರಿ?" ಎನ್ನುತ್ತ ತಿಪ್ಪವ್ವ ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ಫಕೀರೇಶ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ.

ತನ್ನ ಎಂಟು ಕುರಿಗಳ ಜೊತೆ ಒಯ್ದು, ಎರಡು ದಿನ ಕಟ್ಟಿಹಾಕಿ, ಮೂರನೆಯ ದಿನ ಅವನು ನಾಯಿಯನ್ನು ಬಿಟ್ಟ. ಅವತ್ತು ಸಂಜೆ ದೇವಪ್ಪನ ಎಣಿಕೆಯಲ್ಲಿ ಹನ್ನೊಂದು ಕುರಿ ಕಡಿಮೆ ಬಂದವು. ಬಡಿಗೆ ಹಿಡಿದು ಹಳ್ಳ ದಾಟಿ ನೋಡಿದರೆ, ಕೆಂಚಿ ಆ ಹನ್ನೊಂದನ್ನೂ ತಮ್ಮನ ನೀಲಿ ಕುರಿಗಳೊಳಗೆ ಸೇರಿಸಿ ನಾಲಿಗೆ ಚಾಚಿ ನಿಂತಿತ್ತು. ಫಕೀರೇಶ ಬಂಡೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ.

"ನಾಯಿಗೇನ ಗೊತ್ತೋ ಅಣ್ಣಾ, ಕೆಂಪು ಯಾವುದು ನೀಲಿ ಯಾವುದು?" ಎಂದು ನಕ್ಕ.

ದೇವಪ್ಪ ಬಡಿಗೆ ಬೀಸಿ ಒಗೆದ. ತಮ್ಮನಿಗೆ ಒಗೆದನೋ ನಾಯಿಗೆ ಒಗೆದನೋ, ಅವನಿಗೇ ಗೊತ್ತಾಗಲಿಲ್ಲ. ಅವನನ್ನು ಕಂಡ ಖುಷಿಗೆ ಕೆಂಚಿ ಬಾಲ ಅಲ್ಲಾಡಿಸುತ್ತ ಓಡಿ ಬರುತ್ತಿತ್ತು. ಬಡಿಗೆ ಅದರ ಹಿಂಗಾಲಿಗೆ ಬಿತ್ತು. ಒಣ ತೊಗರಿಕಟ್ಟಿಗೆ ಮುರಿದ ಸಪ್ಪಳ. ಕೆಂಚಿ ಒಂದೇ ಸಲ ಕುಂಯ್ ಎಂದು ಕೂತುಬಿಟ್ಟಿತು.

ಫಕೀರೇಶ ಬಂಡೆಯಿಂದ ಜಿಗಿದು ಬಂದು ತಲೆಯ ರುಮಾಲು ಹರಿದ. ದೇವಪ್ಪ ನಾಯಿಯ ಮೂತಿ ಹಿಡಿದುಕೊಂಡ. ಕುರಿಮರಿಗಳ ಮುರಿದ ಕಾಲು ಎಷ್ಟೋ ಸಲ ಕಟ್ಟಿದ ನಾಲ್ಕು ಕೈಗಳು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

"ಬಿಗಿ ಮಾಡು."

"ಮಾಡೇನಿ."

ತಮ್ಮನ ತಲೆ ಒಂದು ಗೇಣು ದೂರದಲ್ಲಿತ್ತು. ನೆತ್ತಿಯ ಮೇಲೆ ಕೂದಲು ಬೆಳ್ಳಗಾಗಿದ್ದು ದೇವಪ್ಪನಿಗೆ ಈಗ ಕಂಡಿತು. ಆ ಒಂದು ಮಾತು ನಾಲಿಗೆಯ ತುದಿಗೇ ಬಂದಿತ್ತು. ಬಾಯಿ ತೆರೆದ.

"ನನ್ನ ಕುರಿ ಬ್ಯಾರೆ ಮಾಡಿ ಕೊಡು" ಎಂದ.

ಫಕೀರೇಶ ಗಂಟು ಹಾಕಿ ಮುಗಿಸಿ, ಅಣ್ಣನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಎದ್ದು ಕೆಂಪು ಬೆನ್ನಿನವನ್ನು ಒಂದೊಂದಾಗಿ ಕಾಲು ಹಿಡಿದು ಎಳೆದು ಹೊರಗೆ ಬಿಟ್ಟ. ಹನ್ನೊಂದೂ ಮುಗಿದ ಮೇಲೆ ಕೆಂಚಿಯನ್ನು ಹೆಗಲ ಮೇಲೆ ಹಾಕಿಕೊಂಡು ತನ್ನ ಹಟ್ಟಿಯ ಕಡೆ ನಡೆದ.

"ಹಲ್ಲಿಲ್ಲ ಅದಕ್ಕ" ಎಂದು ದೇವಪ್ಪ ಹಿಂದಿನಿಂದ ಕೂಗಿದ. "ರೊಟ್ಟಿ ನೆನಸಿ ಕಿವುಚಿ ಹಾಕು."

"ಗೊತ್ತೈತಿ." ಫಕೀರೇಶ ತಿರುಗಿ ನೋಡಲಿಲ್ಲ.

ಹನ್ನೊಂದು ಕುರಿಗಳು ಹಳ್ಳಕ್ಕೆ ಇಳಿಯುವ ಮೊದಲೇ ಚದುರಿದವು. ಎರಡು ಜಾಲಿಗಿಡದ ಕಡೆ ಹೋದವು, ನಾಲ್ಕು ಕಡಲೆ ಹೊಲದ ಬದುವಿಗೆ ಹತ್ತಿದವು. ದೇವಪ್ಪ ಧೋತರ ಮೇಲಕ್ಕೆ ಸಿಕ್ಕಿಸಿ ಅವುಗಳ ಸುತ್ತ ಓಡಿದ. ಈ ಕಡೆ ತಡೆದರೆ ಆ ಕಡೆ ನುಗ್ಗುತ್ತಿದ್ದವು. ಏದುಸಿರು ಬಿಡುತ್ತ, ಎರಡೂ ಕೈ ಅಗಲ ಮಾಡಿ, ಇನ್ನೊಂದು ಸುತ್ತು ಓಡಿದ. ಕುರಿಗಳು ತಲೆ ಎತ್ತಿ ಅವನನ್ನು ನೋಡಿದವು. ನೋಡಿ, ಮತ್ತೆ ಮೇಯತೊಡಗಿದವು.