ಸಾಕು ಅಂದವರು ಯಾರು?

“ಏಯ್ ಗಂಟಲಕ್ಕಾ, ನಿನ್ನ ಬಾಯಿಗೆ ಮಣ್ಣು ಬೀಳ! ಸತ್ತುಹೋದ್ಯಾ ಅಲ್ಲಿ? ಎಳೀ ಅಂತ ಕೂಗೇ!”

ಗಂಟಲಕ್ಕ ಸತ್ತಿರಲಿಲ್ಲ. ಬೀದಿ ತಿರುಗುವ ಮೂಲೆಯಲ್ಲಿ, ತಾನೇ ಅಗೆದ ಸೊಂಟದಾಳದ ಕಾಲುವೆಯೊಳಗೆ ನಿಂತು ಆ ಕಡೆಯ ಕೂಗಿಗೆ ಕಿವಿ ಕೊಟ್ಟಿದ್ದಳು. ಇಂಟರ್ನೆಟ್ಟಿನ ಕೇಬಲ್ಲು ಎಳೆಯುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗಲ್ಲ. ಒಂದು ತುದಿಯಲ್ಲಿ ಕೇಬಲ್ಲು ಸುತ್ತಿದ ಆಳೆತ್ತರದ ಗಾಲಿ, ಅದನ್ನು ಬಿಚ್ಚಿ ಬಿಡುವವರು ಅಲ್ಲಿ. ಇನ್ನೊಂದು ತುದಿಯಲ್ಲಿ ಎಳೆಯುವವರು. ನಡುವೆ ಬೀದಿ ತಿರುಗಿಬಿಟ್ಟರೆ ಇವರಿಗೆ ಅವರು ಕಾಣಿಸುವುದಿಲ್ಲ. ಆಗ ತಿರುವಿನಲ್ಲಿ ಒಬ್ಬರು ನಿಂತು ಈ ಕಡೆಯ ಕೂಗನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ದಾಟಿಸಬೇಕು. ಎಳಿ ಅಂದರೆ ಎಳಿ, ಸಾಕು ಅಂದರೆ ಸಾಕು. ಅವಳ ಗಂಟಲು ಎರಡು ಬೀದಿಗೆ ಕೇಳುವಂಥದು. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು, ಅದು ಯಾರಿಗೂ ನೆನಪಿಲ್ಲ.

“ಗಾಲಿ ಕಡೆಯಿಂದ ಕೂಗು ಬಂದಿಲ್ಲ ಮೇಸ್ತ್ರಿ!”

“ಬಂತು ಅನ್ನೇ! ನಿನ್ನಪ್ಪನ ಗಂಟೇನು ಹೋಗುತ್ತೆ?”

“ನಮ್ಮಪ್ಪನ ಗಂಟಲ್ಲ, ನನ್ನ ಗಂಡನ ಬೆರಳು ಹೋಗುತ್ತೆ!”

ಕಾಲುವೆಯುದ್ದಕ್ಕೂ ನಿಂತವರು ಕಿಸಕ್ಕೆಂದರು. ಮಾತು ಸುಳ್ಳಲ್ಲ. ಗಾಲಿಯ ಹತ್ತಿರ ಕೆಲಸ ಮಾಡುವ ಅವಳ ಗಂಡನಿಗೆ ಜನ ಇಟ್ಟ ಹೆಸರೇ ಎಂಟುಬೆರಳಣ್ಣ. ಹಿಂದೆ ತಿರುವಿನಲ್ಲಿ ಮೇಸ್ತ್ರಿಯ ಭಾಮೈದ ನಿಲ್ಲುತ್ತಿದ್ದ. ಒಂದು ದಿನ ತೂಕಡಿಸುತ್ತ, ಯಾರೂ ಕೂಗದ ‘ಎಳಿ’ಯನ್ನು ತಾನೇ ಕೂಗಿಬಿಟ್ಟ. ಈ ಕಡೆಯವರು ಎಳೆದರು. ಆ ಕಡೆ ಅವಳ ಗಂಡನ ಎರಡು ಬೆರಳು ಗಾಲಿಯ ಉರುಳೆಯೊಳಗೆ ಹೋದವು. ಅಂದಿನಿಂದ ಆ ಜಾಗಕ್ಕೆ ಗಂಟಲಕ್ಕ ಬಂದು ನಿಂತಳು, ಒಂದು ದಿನವೂ ಕೇಳಿಸದ ಕೂಗನ್ನು ಕೂಗಲಿಲ್ಲ, ಕೇಳಿಸಿದ್ದನ್ನು ನುಂಗಲಿಲ್ಲ. ಅವಳು ‘ಸಾಕು’ ಅಂದರೆ ಎಳೆಯುವವರು ಅರ್ಧ ಎತ್ತಿದ ಕಾಲನ್ನೂ ಅಲ್ಲೇ ನಿಲ್ಲಿಸುತ್ತಿದ್ದರು.

“ಎಳೀ...” ಎಂದು ಗಂಡನ ಸಣ್ಣ ದನಿ ಬಂತು.

“ಎಳೀ!” ಎಂದು ಗಂಟಲಕ್ಕ ಬೊಬ್ಬೆ ಹಾಕಿದಳು. ಗೋಡೆಯ ಮೇಲಿನ ಕಾಗೆ ಹಾರಿಹೋಯಿತು. ಕೇಬಲ್ಲು ಹೆಬ್ಬಾವಿನ ಹಾಗೆ ಮುಂದೆ ಸರಿಯಿತು.

ಸಂಜೆ ಶೆಡ್ಡಿಗೆ ಬಂದರೆ ಮಗಳು ಮೂತಿ ಉಬ್ಬಿಸಿಕೊಂಡು ಕೂತಿದ್ದಳು. ಕೈಯಲ್ಲಿ ಫೋನು, ಫೋನಿನಲ್ಲಿ ತಿರುಗುವ ಚಕ್ರ.

“ಇನ್ನೂ ಬರಲಿಲ್ವೇನೇ?”

“ಬಂದ್ರೆ ಹಿಂಗ್ಯಾಕೆ ಕೂತಿರ್ತಿದ್ದೆ?”

ಬರಬೇಕಾಗಿದ್ದದ್ದು ಪಾಠ. ಕಾಲುವೆ ಮುಂದೆ ಹೋದಂತೆ ಶೆಡ್ಡೂ ಮುಂದೆ ಹೋಗುತ್ತದೆ, ಶೆಡ್ಡಿನ ಹಿಂದೆ ಮಕ್ಕಳು. ಶಾಲೆಗೆ ಕಾಲಿಲ್ಲವಲ್ಲ, ಅದು ಇದ್ದಲ್ಲೇ ಇರುತ್ತದೆ. ಹಿಂದಿನ ಬಿಡಾರದ ಹತ್ತಿರದ ಶಾಲೆಯ ಟೀಚರಮ್ಮನಿಗೆ ಈ ಮಕ್ಕಳ ಮೇಲೆ ಜೀವ. ಬೋರ್ಡಿನ ಮುಂದೆ ಫೋನಿಟ್ಟು ಪಾಠವೆಲ್ಲ ಹಿಡಿದು, ಒಂದಷ್ಟನ್ನು ಈ ಬಿಡಾರದ ಮಕ್ಕಳಿಗೆ, ಒಂದಷ್ಟನ್ನು ಬೇರೆ ಕಡೆ ಹೊರಟ ಬಿಡಾರದವರಿಗೆ ಕೊಟ್ಟಿದ್ದಳು. ನಿಮ್ಮ ನಿಮ್ಮಲ್ಲಿ ಹಂಚಿಕೊಳ್ಳಿ ಎಂದಿದ್ದಳು. ಇವರ ಫೋನಿನಲ್ಲಿದ್ದದ್ದನ್ನು ಅವರು ಇಂಟರ್ನೆಟ್ಟಿನಲ್ಲಿ ಎಳೆದುಕೊಳ್ಳುವುದು, ಅವರ ಹತ್ತಿರದ್ದನ್ನು ಇವರು. ಮಣ್ಣಿನ ಬಾಂಡ್ಲಿ ಕೈಯಿಂದ ಕೈಗೆ ದಾಟುವ ಹಾಗೆ. ಗಂಟಲಕ್ಕನಿಗೆ ಅದು ಒಂದೇ ಸಲಕ್ಕೆ ಅರ್ಥವಾಗಿತ್ತು.

ಬೀಜಗಣಿತವೆಲ್ಲ ಮಗಳ ಹತ್ತಿರ ಇತ್ತು. ರೇಖಾಗಣಿತವೆಲ್ಲ ಮೂರು ಬಸ್ಸು ಹತ್ತಿ ಇಳಿಯುವಷ್ಟು ದೂರದ ಬಿಡಾರದಲ್ಲಿ, ತಂಗಿಯ ಮಗನ ಫೋನಿನಲ್ಲಿ. ದೊಡ್ಡ ಪರೀಕ್ಷೆ ಬರುವ ವಾರ. ಅದರಲ್ಲಿ ಪಾಸಾದರೆ ಮಗಳು ಊರಿನ ಹಾಸ್ಟೆಲ್ಲು ಸೇರುತ್ತಾಳೆ. ಆಗದಿದ್ದರೆ ಹೊರಗೆ ಅವಳ ಅಳತೆಯ ಗುದ್ದಲಿಯೊಂದು ಕಾಯುತ್ತ ಒರಗಿತ್ತು. ಮೇಸ್ತ್ರಿ ಆಗಲೇ ಎರಡು ಸಲ ಕೇಳಿದ್ದ, “ಹುಡುಗಿ ಯಾವಾಗಿಂದ ಬರ್ತಾಳೆ?”

“ಏನು ಬರ್ಕೊಂಡಿದೆ ಅದರಲ್ಲಿ?”

“ಎದುರಿನವರು ಸಾಕು ಅಂತ ನಿಲ್ಲಿಸಿದ್ದಾರೆ ಅಂತ. ನಾಲ್ಕು ದಿನದಿಂದ ಅದೇ. ಶುರುವಾಗುತ್ತೆ, ಆಮೇಲೆ ಅವನು ಸಾಕು ಅಂತಾನೆ.”

ಗಂಟಲಕ್ಕನ ಮೈ ಉರಿಯಿತು. ನೆಟ್ಟಗೆ ತಂಗಿಗೆ ಫೋನು ಹಚ್ಚಿದಳು.

“ಏನೇ, ಹೊಟ್ಟೆಗೆ ಹುಟ್ಟಿದ್ದು ನಿನಗೊಂದೇ ಏನೇ? ನಿನ್ನ ಮಗ ಸಾಕು ಸಾಕು ಅಂತ ಬಾಗಿಲು ಹಾಕ್ಕೊಂಡು ಕೂತಿದ್ದಾನಂತೆ!”

“ಅಯ್ಯಯ್ಯೋ! ಕೇಳ್ರಪ್ಪಾ!” ತಂಗಿಯದೂ ಅದೇ ಮನೆತನದ ಗಂಟಲು. “ನಿನ್ನ ಮಗಳು ಸಾಕು ಅಂದಿದ್ದಕ್ಕೆ ಇಲ್ಲಿ ನನ್ನ ಮಗ ಅನ್ನ ಬಿಟ್ಟು ಮಲಗಿದ್ದಾನೆ! ತಾನೊಬ್ಬಳೇ ಮುಂದೆ ಬರಬೇಕು ಅಂತ ಅಲ್ವಾ ಆ ಕಳ್ಳಿಗೆ?”

“ಯಾರೇ ಕಳ್ಳಿ? ನಿನ್ನ ಬಾಣಂತನ ಮಾಡಿದ ಕೈ ಇದು!”

“ಮಾಡಿದ್ದೆಷ್ಟು, ಹೇಳ್ಕೊಂಡು ತಿರುಗಿದ್ದೆಷ್ಟು!”

ಮಾತಿಗೆ ಮಾತು ಬೆಳೆದು ಹಳೆಯದೆಲ್ಲ ಮೇಲೆ ಬಂತು. ಮದುವೆಯಲ್ಲಿ ಕಳೆದ ಓಲೆ, ಅಮ್ಮ ಸತ್ತಾಗ ಯಾರು ಜಾಸ್ತಿ ಅತ್ತರು, ಯಾರ ಗಂಡ ಯಾರ ಗಂಡನಿಗಿಂತ ಸೋಮಾರಿ. ಈ ಕೊನೆಯ ಮಾತಿಗೆ ಎಂಟುಬೆರಳಣ್ಣ ಮೆಲ್ಲನೆ ಹೊರಗೆ ಜಾರಿದ. “ಇನ್ನು ನಿನಗೂ ನನಗೂ ನೀರೂ ಇಲ್ಲ, ಬೆಂಕಿನೂ ಇಲ್ಲ,” ಎಂದು ಗಂಟಲಕ್ಕ ಫೋನು ಕುಕ್ಕಿದಳು. ಆಮೇಲೆ ಮೂಲೆಗೆ ಹೋಗಿ ಅತ್ತಳು. ಇದ್ದವಳು ಒಬ್ಬಳೇ ತಂಗಿ.

ದೊಡ್ಡವರು ಜಗಳವಾಡುತ್ತಿದ್ದರೆ ಮಕ್ಕಳು ಬೇರೆ ಕೆಲಸ ಮಾಡಿದರು. ಮರುದಿನ ಮಗಳು ಪಕ್ಕದ ಶೆಡ್ಡಿನವರ ಫೋನಿನಲ್ಲಿ ಚಿಕ್ಕಮ್ಮನ ಮಗನನ್ನು ಮಾತಾಡಿಸುತ್ತ, ತನ್ನ ಫೋನನ್ನು ಎದುರಿಗೆ ಇಟ್ಟುಕೊಂಡಳು. ಪಾಠ ಎಳೆದುಕೊಳ್ಳುವುದನ್ನು ಇಬ್ಬರೂ ಒಟ್ಟಿಗೆ ಶುರು ಮಾಡಿದರು. ಇಬ್ಬರೂ ಕೈ ಕಟ್ಟಿ ಕೂತರು.

“ಅಮ್ಮಾ, ನೋಡು ಬಾ. ನಾನು ಮುಟ್ಟಿಲ್ಲ. ಅವನೂ ಮುಟ್ಟಿಲ್ಲ. ಇಲ್ಲಿ ಅವನು ಸಾಕಂದ ಅಂತ ಬಂತು, ಅಲ್ಲಿ ನಾನು ಸಾಕಂದೆ ಅಂತ ಬಂತು.”

“ಹಂಗಾದ್ರೆ ಯಾರು ಅಂದಿದ್ದು?”

“ನಡುವೆ ಇಂಟರ್ನೆಟ್ ಕಂಪನಿ ಅಲ್ವಾ ಇರೋದು, ನೀವು ಕೇಬಲ್ಲು ಎಳೆಯೋದು ಅವರಿಗೇ ಅಲ್ವಾ? ಟೀಚರಮ್ಮನ್ನೂ ಕೇಳಿದೆ. ಹಂಚಿಕೊಳ್ಳೋದು ಕಂಪನಿಯವರಿಗೆ ಇಷ್ಟ ಇಲ್ವಂತೆ. ನಿಲ್ಲಿಸಿದ್ದು ತಾವೇ ಅಂತ ಹೇಳಲ್ಲ. ನಮ್ಮ ದನಿಲಿ ಅವನಿಗೆ ಸಾಕು ಅಂತಾರೆ, ಅವನ ದನಿಲಿ ನಮಗೆ.”

ಗಂಟಲಕ್ಕ ನಿಂತಲ್ಲೇ ನಿಂತಳು. ನಡುವೆ ನಿಂತು, ಯಾರೂ ಕೂಗದ ಕೂಗು. ಅವಳ ಕಣ್ಣು ಗಂಡನ ಕೈಯ ಮೇಲೆ ಹೋಯಿತು.

“ಇವರ ವಂಶ ನಿರ್ವಂಶ ಆಗ,” ಎಂದಳು. ಆಮೇಲೆ ತಂಗಿಗೆ ಫೋನು ಮಾಡಿದಳು. ಇಬ್ಬರೂ ಒಟ್ಟಿಗೆ ಅತ್ತು, ಒಟ್ಟಿಗೆ ಕಂಪನಿಯನ್ನು ಬೈದು, ಓಲೆಯ ವಿಷಯ ಮಾತ್ರ ಇನ್ನೊಮ್ಮೆ ನೋಡೋಣವೆಂದು ಬಿಟ್ಟರು.

ಕಂಪನಿಯ ಕಚೇರಿಗೆ ಗಾಜಿನ ಬಾಗಿಲು. ಕಾವಲಿನವನು ಅವಳ ಕಾಲಿನ ಮಣ್ಣು ನೋಡಿ ಹೊರಗಿನ ನಲ್ಲಿ ತೋರಿಸಿದ. ತೊಳೆದುಕೊಂಡು ಬಂದರೂ ಕುರ್ಚಿಯ ಮೇಲೆ ಹಳೆಯ ಪೇಪರು ಹಾಸಿ, “ಇದರ ಮೇಲೇ ಕೂತ್ಕೊ, ಅಲ್ಲಾಡಬೇಡ” ಎಂದ. ಸಾಹೇಬ ಬಂದವನೇ ಮೂಗು ಸುಕ್ಕಿಸಿ ಮೇಜಿನ ಮೇಲಿನ ಬಾಟಲಿಯಿಂದ ಪರಿಮಳ ಚಿಮುಕಿಸಿದ. ಗೋಡೆಯ ಮೇಲಿನ ದೊಡ್ಡ ಟೀವಿಯಲ್ಲಿ ಕಂಪನಿಯದೇ ಸಿನಿಮಾ ಆಪ್ ಓಡುತ್ತಿತ್ತು. ಹೆಣ್ಣು ಗಂಡು ಮುಗ್ಗರಿಸದೆ ಕುಣಿಯುತ್ತಿದ್ದರು.

“ಇದು ನಿಲ್ಲೋದೇ ಇಲ್ವಲ್ಲ ಸ್ವಾಮಿ,” ಎಂದಳು ಗಂಟಲಕ್ಕ.

“ಅದು ಬೇರೆ. ಅದು ನಮ್ಮದು.”

“ಕಾಲುವೆ ಒಂದೇ ಅಲ್ವಾ? ನಾವೇ ಅಗೆದಿದ್ದು.”

“ನೋಡಮ್ಮಾ, ನಿಮ್ಮಂಥೋರು ಹಂಚಿಕೊಳ್ಳೋದು ಅಂತ ಶುರು ಮಾಡಿದ್ರೆ ಲೈನು ತುಂಬಿಹೋಗುತ್ತೆ. ಅರ್ಧ ಎಲ್ಲ ಕಳ್ಳ ಸಿನಿಮಾ. ಅದಕ್ಕೆ ಮೆಷಿನ್ನು ಸ್ವಲ್ಪ ಅಡ್ಜಸ್ಟ್ ಮಾಡುತ್ತೆ.”

“ನಮ್ಮದು ಸಿನಿಮಾ ಅಲ್ಲ, ತ್ರಿಕೋನ.”

“ಮೆಷಿನ್ನಿಗೆ ತ್ರಿಕೋನ ಗೊತ್ತಾಗಲ್ಲ. ಒಂದು ಕೆಲಸ ಮಾಡು, ನಮ್ಮದೇ ಪಾಠದ ಆಪ್ ಇದೆ, ತಗೋ. ಕುದುರೆ ಥರ ಓಡುತ್ತೆ.”

“ಅದರಲ್ಲಿ ನಮ್ಮ ಟೀಚರಮ್ಮ ಇದ್ದಾರಾ?”

“ಅವರಪ್ಪನಂಥೋರು ಇದ್ದಾರೆ.”

“ಅವರು ನನ್ನ ಮಗಳಿಗೆ ಬೈತಾರಾ? ಟೀಚರಮ್ಮ ಪಾಠದ ನಡುವೆ, ಗಂಟಲಕ್ಕನ ಮಗಳೇ ಆಕಳಿಸಬೇಡ ಅಂತಾರೆ. ಅಷ್ಟು ದೂರದಲ್ಲಿದ್ರೂ ಇವಳು ಬಾಯಿ ಮುಚ್ಕೋತಾಳೆ.”

ಸಾಹೇಬ ಹೊಟ್ಟೆ ಕುಲುಕಿಸಿ ನಕ್ಕ. ನಕ್ಕು ಮುಗಿದ ಮೇಲೆ ಕಾವಲಿನವನಿಗೆ ಸನ್ನೆ ಮಾಡಿದ.

“ಒಂದೇ ಮಾತು ಸ್ವಾಮಿ. ನಿಲ್ಲಿಸೋದಾದ್ರೆ ನಾವು ನಿಲ್ಲಿಸಿದ್ವಿ ಅಂತ ಹೇಳಬಾರದಾ? ನನ್ನ ತಂಗಿ ಬಾಯಲ್ಲಿ ಯಾಕೆ ಹೇಳಿಸ್ತೀರಿ?”

“ನಾನು ಹೇಳಿಸಲ್ಲ ಕಣಮ್ಮಾ, ಮೆಷಿನ್ನು! ಏಯ್, ಇವಳನ್ನ ಕಳಿಸೋ. ಆ ಪೇಪರೂ ಎತ್ತಿಬಿಡು.”

ಗಂಟಲಕ್ಕ ಹೊರಗೆ ಬಂದು ಶೆಡ್ಡಿನ ದಾರಿ ಹಿಡಿದಳು. ಮಗಳಿಗೆ ಏನು ಹೇಳುವುದೆಂದು ಹೊಳೆಯಲಿಲ್ಲ.

ಅದೇ ವಾರ ಕಂಪನಿಯ ಹೊಸ ಕಟ್ಟಡದ ಉದ್ಘಾಟನೆ. ಕೇಬಲ್ಲಿನ ತುದಿ ಬಾಗಿಲಿಗೆ ಬಂದು ಮುಟ್ಟಿದ ಗಳಿಗೆಯಲ್ಲೇ ದೊಡ್ಡ ಸಾಹೇಬರು ರಿಬ್ಬನ್ನು ಕತ್ತರಿಸುವರೆಂದು ಗೊತ್ತಾಗಿತ್ತು. ಮೇಸ್ತ್ರಿ ಬೆಳಿಗ್ಗೆಯೇ ಹೊಸ ಅಂಗಿ ಹಾಕಿ ಬೆವರತೊಡಗಿದ್ದ. “ಇವತ್ತು ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಒಬ್ಬೊಬ್ಬರನ್ನೂ ಇದೇ ಕಾಲುವೆಲಿ ಹೂತುಬಿಡ್ತೀನಿ ಮುಂಡೇವಾ!”

ಗಂಟಲಕ್ಕ ತಿರುವಿನಲ್ಲಿ ನಿಂತಳು. ಎಡಗಡೆ, ಕಣ್ಣಿಗೆ ಕಾಣದ ಗಾಲಿ ಮತ್ತು ಗಂಡ. ಬಲಗಡೆ, ಕಣ್ಣಿಗೆ ಕಾಣದ ರಿಬ್ಬನ್ನು. ಅಲ್ಲಿಂದ ಇಲ್ಲಿಗೆ ಇರುವುದು ತನ್ನ ಗಂಟಲೊಂದೇ ಎಂಬುದು ಅವಳಿಗೆ ಅಂದೇ ಹೊಸದಾಗಿ ಹೊಳೆಯಿತು.

ಅರ್ಧ ಕೇಬಲ್ಲು ಸಲೀಸಾಗಿ ಹೋಯಿತು. ಇಷ್ಟು ವರ್ಷ ಒಂದೂ ಸುಳ್ಳು ಕೂಗು ಕೂಗಿದವಳಲ್ಲ. ‘ಎಳಿ’ ಅಂತ ಸುಳ್ಳು ಹೇಳಿದರೆ ಬೆರಳು ಹೋಗುತ್ತದೆ. ‘ಸಾಕು’ ಅಂತ ಹೇಳಿದರೆ ಯಾರದೂ ಏನೂ ಹೋಗುವುದಿಲ್ಲ, ತನ್ನ ಕೆಲಸವೊಂದನ್ನು ಬಿಟ್ಟು. ಮೊದಲು ಬಲಕ್ಕೆ ತಿರುಗಿದಳು.

“ಸಾಕೂ! ಗಾಲಿಯವರು ಸಾಕು ಅಂತಾರೆ!”

ಎಳೆಯುವವರು ನಿಂತರು. ಎಡಕ್ಕೆ ತಿರುಗಿದಳು.

“ಸಾಕೂ! ಎಳೆಯೋರು ಸಾಕು ಅಂತಾರೆ!”

ಎಂಟುಬೆರಳಣ್ಣನಿಗೆ ಲೋಕದಲ್ಲಿ ಅದಕ್ಕಿಂತ ಪ್ರೀತಿಯ ಮಾತು ಇನ್ನೊಂದಿರಲಿಲ್ಲ. ಗಾಲಿಗೆ ಕಲ್ಲು ಕೊಟ್ಟು, ನೆರಳು ನೋಡಿ ಕೂತುಬಿಟ್ಟ.

ಮೇಸ್ತ್ರಿ ರಿಬ್ಬನ್ನಿನ ಕಡೆಯಿಂದ ಏದುತ್ತ ಗಾಲಿಗೆ ಓಡಿದ. “ಯಾಕ್ರೋ ಬೋಳಿಮಕ್ಕಳಾ ಸಾಕಂದ್ರಿ?”

“ನಾವೆಲ್ಲಿ ಅಂದ್ವಿ? ಎಳೆಯೋರು ಅಂದ್ರು.”

ವಾಪಸು ಓಡಿದ. “ಯಾಕ್ರೋ ಸಾಕಂದ್ರಿ?”

“ಗಾಲಿಯವರು ಅಂದ್ರು. ಆ ಸೋಮಾರಿ ನನ್ಮಕ್ಕಳಿಗೆ ಯಾವಾಗಲೂ ಸಾಕೇ!”

ಮತ್ತೆ ಗಾಲಿ. “ಅವರು ನಮ್ಮನ್ನ ಸೋಮಾರಿ ಅಂದ್ರಾ? ನಾನು ಬಂದೆ ತಡಿ!” ಮತ್ತೆ ರಿಬ್ಬನ್ನು. ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅವನು ತಿರುವು ದಾಟುವಾಗಲೆಲ್ಲ ಗಂಟಲಕ್ಕ ಮಣ್ಣು ನೋಡುತ್ತ ನಿಂತಿರುತ್ತಿದ್ದಳು. ಅವಳ ಮೇಲೆ ಅನುಮಾನ ಪಡುವುದು ಅವನಿಗೂ ಹೊಳೆಯಲಿಲ್ಲ. ಅಷ್ಟು ವರ್ಷದ ಕೂಗಿನ ಮರ್ಯಾದೆ ಅದು.

ಹೊಳೆದದ್ದು ಕಚೇರಿಯ ಆ ಸಾಹೇಬನಿಗೆ. ಮಿರಿಮಿರಿ ಬೂಟು ಹಾಕಿಕೊಂಡು ಕಾಲುವೆಯ ಅಂಚಿಗೆ ಬಂದು ಬಗ್ಗಿ ನೋಡಿದ. ಪೇಪರಿನ ಮೇಲೆ ಕೂತಿದ್ದವಳ ಮುಖದ ಗುರುತು ಹತ್ತಿತು.

“ನೀನಾ? ಸಾಕು ಅಂದವರು ಯಾರು?”

“ಆ ಕಡೆಯವರು ಸ್ವಾಮಿ.”

“ಅವರು ಅಂದಿಲ್ಲ ಅಂತಾರೆ!”

“ಹಂಗಾದ್ರೆ ಈ ಕಡೆಯವರು.”

“ಇವರೂ ಅಂದಿಲ್ವಲ್ಲೇ!”

“ಹಂಗಾದ್ರೆ ಮೆಷಿನ್ನು ಇರಬೇಕು.”

ಹತ್ತಿರದಲ್ಲಿದ್ದ ನಾಲ್ಕಾರು ಜನ ಗುದ್ದಲಿಗೆ ಬಾಯಿ ಒತ್ತಿಕೊಂಡು ನಗು ತಡೆದರು. ಗಂಟಲಕ್ಕನ ಮಗಳ ಪಾಠದ ಕಥೆ, ಅಕ್ಕತಂಗಿಯರ ಜಗಳದ ಕಥೆ ಬಿಡಾರದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಸಾಹೇಬನ ಮುಖ ಕೆಂಪಾಯಿತು. ಹಿಂದಿನಿಂದ ದೊಡ್ಡ ಸಾಹೇಬರ ಕಡೆಯವರು ಏನಾಯಿತೆಂದು ಇಣುಕುತ್ತಿದ್ದರು. ಅವನಿಗೆ ಮೈಮೇಲಿನ ಎಚ್ಚರ ತಪ್ಪಿತು.

“ಲೇ, ನಿನ್ನನ್ನ ನಡುವೆ ನಿಲ್ಲಿಸಿರೋದು ಯಾಕೆ? ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳಿದ ಹಾಗೆ ದಾಟಿಸೋಕೆ! ನುಂಗೋಕಲ್ಲ, ನಿನ್ನದು ಸೇರಿಸೋಕಲ್ಲ! ನಡುವೆ ನಿಂತೋರಿಗೆ ಅಷ್ಟೇ ಕೆಲಸ!”

ಗಂಟಲಕ್ಕ ತಲೆಯೆತ್ತಿದಳು. ಮುಖ ಅರಳಿತು.

“ಈಗ ಸರಿಯಾಗಿ ಹೇಳಿದ್ರಿ ಸ್ವಾಮಿ. ದಾಟಿಸ್ತೀನಿ.”

ಎದೆ ತುಂಬ ಉಸಿರು ತುಂಬಿಕೊಂಡು ಎಡಕ್ಕೆ ತಿರುಗಿದಳು. “ಸಾಹೇಬರು ಹೇಳ್ತಾರೆ! ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳಿದ ಹಾಗೆ ದಾಟಿಸಬೇಕಂತೆ! ನುಂಗಬಾರದಂತೆ! ತಮ್ಮದು ಸೇರಿಸಬಾರದಂತೆ! ನಡುವೆ ನಿಂತೋರಿಗೆ ಅಷ್ಟೇ ಕೆಲಸವಂತೆ!”

ಬಲಕ್ಕೆ ತಿರುಗಿ ಅದನ್ನೇ, ಒಂದಕ್ಷರ ಬಿಡದೆ ಕೂಗಿದಳು. ಮೊದಲು ನಕ್ಕವನು ಅವಳ ಪಕ್ಕದವನು. ಅವನು ಅದನ್ನು ಮುಂದಿನವನಿಗೆ ದಾಟಿಸಿದ, ಅವನು ಮುಂದಿನವಳಿಗೆ. ಕೂಗು ಕಾಲುವೆಯುದ್ದಕ್ಕೂ ಬಾಯಿಂದ ಬಾಯಿಗೆ ಹೋಗಿ, ರಿಬ್ಬನ್ನು ಮುಟ್ಟಿ, ತಿರುಗಿ ಬಂತು. ನೆರಳಿನಲ್ಲಿ ಕೂತಿದ್ದ ಎಂಟುಬೆರಳಣ್ಣ, ಹುಟ್ಟಿದ ಮೇಲೆ ಒಮ್ಮೆಯೂ ದನಿ ಎತ್ತದವನು, ಎದ್ದು ನಿಂತು ಕೈ ಮೇಲೆತ್ತಿ ಕೂಗಿದ. ದೊಡ್ಡ ಸಾಹೇಬರು ಕತ್ತರಿ ಹಿಡಿದು, ಯಾರಿಗೋ ಜೈಕಾರವಿರಬೇಕೆಂದು ಮುಗುಳ್ನಕ್ಕರು.

“ಸಾಕು!” ಸಾಹೇಬ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. “ಸಾಕು ಅನ್ನೇ ಅವರಿಗೆ! ಬೇಗ! ಸಾಕು ಅನ್ನು!”

ಗಂಟಲಕ್ಕ ಬಾಯಿಗೆ ಅಡ್ಡ ಹಿಡಿದಿದ್ದ ಕೈ ಇಳಿಸಿ, ಬಹಳ ವಿನಯದಿಂದ ಕೇಳಿದಳು.

“ಅಂತೀನಿ ಸ್ವಾಮಿ. ಆದ್ರೆ ಯಾರಂದ್ರು ಅಂತ ಕೇಳ್ತಾರಲ್ಲ, ಈ ಸಲ ಯಾರ ಹೆಸರು ಹೇಳ್ಲಿ?”